ಅರಿವೆಯ ಅರಿವು

ಕನ್ನಡದಲ್ಲಿ ಬಟ್ಟೆಗೆ ಅರಿವೆ ಎಂದೂ ತಿಳಿವಳಿಕೆಗೆ ಅರಿವು ಎಂದೂ ಹೆಸರು. ಬರಹದಲ್ಲಿ ಇವೆರಡರ ನಡುವಿನ ಅಂತರ ಒಂದು ಗುಣಿತದ್ದು ಮಾತ್ರ. ಪುಸ್ತಕದಲ್ಲಿ ಗುಣಿತ ತಪ್ಪಿದರೆ ತಿದ್ದಿಕೊಳ್ಳಲು ರಬ್ಬರು ಉಂಟು. ಬಟ್ಟೆಯಲ್ಲಿ ಕತ್ತರಿ ತಪ್ಪಿದರೆ ತಿದ್ದುವ ರಬ್ಬರನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದುದರಿಂದ ಅರಿವೆಗೆ ಕತ್ತರಿ ಹಾಕುವ ಮೊದಲು ಅರಿವು ಬೇಕು ಎಂಬುದು ಹಿರಿಯರು ಆಡಿದ ಮಾತಲ್ಲದಿದ್ದರೂ ಹಿರಿಯರು ಒಪ್ಪತಕ್ಕ ಮಾತೇ ಸರಿ.

ಬೆಂಗಳೂರಿನ ಒಂದು ಮಧ್ಯಮವರ್ಗದ ಮನೆ. ಅತ್ತೆಯವರ ಕಾಲದ ಹೊಲಿಗೆಯ ಯಂತ್ರವೊಂದು ಅಲ್ಲಿ ಬಹುಕಾಲದಿಂದ ಹೂದಾನಿಗೆ ಪೀಠವಾಗಿ ನಿಂತಿತ್ತು. 2020ರಲ್ಲಿ ಸೋಂಕಿನ ಭಯದಿಂದ ಊರಿಗೆ ಊರೇ ಬಾಗಿಲು ಮುಚ್ಚಿದಾಗ ಆ ಮನೆಯ ಸೊಸೆ ಹೂದಾನಿಯನ್ನು ಇಳಿಸಿ, ಯಂತ್ರಕ್ಕೆ ಎಣ್ಣೆ ಬಿಟ್ಟು, ಹಳೆಯ ಹತ್ತಿಯ ಪಂಚೆಯಿಂದ ಮನೆಮಂದಿಗೆಲ್ಲ ಮುಖಗವಸು ಹೊಲಿದಳು. ಮುಖಗವಸೆಂದರೆ ಕೆಲವು ನೇರ ಹೊಲಿಗೆ. ಅದು ಚೆನ್ನಾಗಿ ಬಂದಿತು. ಧೈರ್ಯವೂ ಬಂದಿತು. ಮುಂದೊಂದು ಗೌರಿಹಬ್ಬಕ್ಕೆ ಮಗಳಿಗೆ ತಾನೇ ಲಂಗ ಹೊಲಿಯುವೆನೆಂದು ಹೊಸ ಹತ್ತಿಬಟ್ಟೆ ತಂದು, ಅಂದೇ ಕತ್ತರಿಸಿ, 30 ಅಂಗುಲ ಉದ್ದದ ಲಂಗವನ್ನು ಎರಡು ದಿನಗಳಲ್ಲಿ ಮುಗಿಸಿದಳು. ಹಬ್ಬದ ದಿನ ಮಗಳ ಪಾದ ಮುಟ್ಟುತ್ತಿದ್ದ ಆ ಲಂಗ ಮೊದಲ ಒಗೆತಕ್ಕೆ ಹರಡಿನ ಮೇಲಕ್ಕೆ ಏರಿತು. ಒಳಗೆ ಕೊಟ್ಟಿದ್ದ ಪಾಲಿಯೆಸ್ಟರ್ ಅಸ್ತರು ಎಳ್ಳಷ್ಟೂ ಕುಗ್ಗದೆ ಅಂಚಿನ ಕೆಳಗೆ ಇಣುಕಿ ನೋಡಿತು. ಮಗಳು ಅತ್ತಳು. ಯಜಮಾನರು ಪತ್ರಿಕೆಯ ಮರೆಯಿಂದ, "ದರ್ಜಿಗೆ ಕೊಟ್ಟಿದ್ದರೆ ಆಗುತ್ತಿತ್ತು" ಎಂದರು. ಅತ್ತೆಯವರು ಮಾತ್ರ ಲಂಗವನ್ನು ಬೆಳಕಿಗೆ ಹಿಡಿದು ನೋಡಿ, "ಕತ್ತರಿಸುವ ಮೊದಲು ಬಟ್ಟೆ ನೆನೆಸಿದ್ದೆಯಾ?" ಎಂದು ಕೇಳಿದರು.

ಹೊಲಿಗೆಯ ವಿದ್ಯೆಯ ಮೊದಲ ಅಧ್ಯಾಯವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ. ಮಗ್ಗದಲ್ಲಿ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿ ನೇಯುತ್ತಾರೆ. ಆ ಬಿಗಿತ ಬಟ್ಟೆಯ ಮೈಯಲ್ಲಿ ಹಾಗೆಯೇ ಉಳಿದಿರುತ್ತದೆ. ಮೇಲೆ ಗಂಜಿಯ ಕಾವಲು ಬೇರೆ. ನೀರು ತಾಗಿದೊಡನೆ ಹತ್ತಿಯ ಎಳೆ ಉಬ್ಬುತ್ತದೆ, ಎಳೆತ ಸಡಿಲುತ್ತದೆ, ನೂಲು ತನ್ನ ಸಹಜವಾದ ಅಳತೆಗೆ ಮರಳುತ್ತದೆ. ಬಟ್ಟೆ ಕುಗ್ಗಿತೆಂದು ಬಯ್ಯುವುದಕ್ಕಿಂತ ಅದು ಬಂಧನದಿಂದ ಬಿಡುಗಡೆ ಹೊಂದಿತೆನ್ನುವುದು ನ್ಯಾಯ. ಸಾಧಾರಣ ಹತ್ತಿಬಟ್ಟೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದುಂಟು. ಸಡಿಲವಾಗಿ ನೇಯ್ದದ್ದು ಇನ್ನೂ ಹೆಚ್ಚು. 30 ಅಂಗುಲದಲ್ಲಿ ನೂರಕ್ಕೆ 5 ಎಂದರೆ ಒಂದೂವರೆ ಅಂಗುಲ. ಮಗುವಿನ ಕಣ್ಣೀರಿಗೆ ಅಷ್ಟು ಸಾಕು. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತ 1930ರ ಸುಮಾರಿಗೆ ಬಟ್ಟೆಯನ್ನು ಗಿರಣಿಯಲ್ಲಿಯೇ ಮುಂದಾಗಿ ಕುಗ್ಗಿಸುವ ಕ್ರಮವನ್ನು ಕಂಡುಹಿಡಿದ. ಬಟ್ಟೆಯ ಅಂಚಿನಲ್ಲಿ ಕಾಣುವ ಸ್ಯಾನ್‌ಫರೈಸ್ಡ್ ಎಂಬ ಮುದ್ರೆ ಆತನ ಹೆಸರಿನಿಂದ ಬಂದದ್ದು. ಆ ಮುದ್ರೆಯಿಲ್ಲದ ಹತ್ತಿಬಟ್ಟೆಯನ್ನು, ಮುಖ್ಯವಾಗಿ ಖಾದಿ ಮತ್ತು ಕೈಮಗ್ಗದ ಬಟ್ಟೆಯನ್ನು, ನೆನೆಸದೆ ಕತ್ತರಿಸಲೇಕೂಡದು.

ಸಂದೇಹವಿದ್ದವರು ಪರೀಕ್ಷೆ ಮಾಡಿ ನೋಡಬಹುದು. ಬಟ್ಟೆಯ ಮೂಲೆಯಲ್ಲಿ ಎರಡೂ ದಿಕ್ಕಿಗೆ 10 ಅಂಗುಲ ಅಳೆದು ಬಣ್ಣದ ದಾರದಿಂದ ಗುರುತು ಹಾಕಿ, ಬಟ್ಟೆಯನ್ನು ಕೆಲವು ಗಂಟೆಗಳ ಕಾಲ ನೀರಿನಲ್ಲಿ ನೆನೆಯಿಟ್ಟು, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಬೇಕು. 10 ಅಂಗುಲ ಒಂಬತ್ತೂವರೆಯಾಗಿದ್ದರೆ ಕುಗ್ಗಿದ್ದು ನೂರಕ್ಕೆ 5. ಉದ್ದದಲ್ಲಿ ಹೆಚ್ಚಾಗಿಯೂ ಅಗಲದಲ್ಲಿ ಕಡಿಮೆಯಾಗಿಯೂ ಕುಗ್ಗುವುದು ಸಾಮಾನ್ಯ. ಮಗ್ಗದಲ್ಲಿ ಹೆಚ್ಚು ಎಳೆತ ಬಿದ್ದದ್ದು ಉದ್ದದ ನೂಲಿಗೆ. ಅಸ್ತರಿನ ಬಟ್ಟೆಗೂ ಇದೇ ಸಂಸ್ಕಾರ ಆಗಬೇಕು. ಮೇಲಿನ ಬಟ್ಟೆಗೆ ಸ್ನಾನವಾಗಿ ಅಸ್ತರಿಗೆ ಆಗದಿದ್ದರೆ ರವಕೆ ಮೊದಲ ಒಗೆತದಲ್ಲಿಯೇ ಸುಕ್ಕುಗಟ್ಟಿ, ಒಳಗೊಂದು ಜಗಳ ನಡೆದಿದೆಯೆಂದು ಲೋಕಕ್ಕೆ ಸಾರುತ್ತದೆ.

ಎರಡನೆಯ ಅಧ್ಯಾಯ ಹಾಸು ಮತ್ತು ಹೊಕ್ಕು. "ಆ ಗುಣ ಅವರಲ್ಲಿ ಹಾಸುಹೊಕ್ಕಾಗಿದೆ" ಎಂದು ಭಾಷಣಕಾರರು ಹೇಳುತ್ತಾರೆ. ಕೇಳಿದವರಲ್ಲಿ ಹಲವರಿಗೆ ಅದು ಮಗ್ಗದ ಮಾತೆಂಬುದು ಮರೆತುಹೋಗಿದೆ. ಮಗ್ಗದ ಉದ್ದಕ್ಕೂ ಮೊದಲೇ ಹಾಸಿರುವ ನೂಲು ಹಾಸು. ಲಾಳಿಯಿಂದ ಅಡ್ಡಲಾಗಿ ಒಳಹೊಗುವ ನೂಲು ಹೊಕ್ಕು. ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ ಇವರೆಲ್ಲರೂ ಶಿವಶರಣರ ಸಾಲಿನಲ್ಲಿ ವಚನ ರಚಿಸಿದವರು. ನೂಲಿನಿಂದ ಉಡುಪಿನವರೆಗೆ ಬಟ್ಟೆಯ ಪಯಣವೆಲ್ಲ ಕನ್ನಡ ಸಾಹಿತ್ಯದೊಳಗೆ ಆಗಿಹೋಗಿದೆ. ಅಂಥ ನಾಡಿನಲ್ಲಿ ಹಾಸು ಯಾವುದು, ಹೊಕ್ಕು ಯಾವುದು ಎಂಬುದು ಮನೆಯವರಿಗೆ ತಿಳಿಯದಿರುವುದು ಉಚಿತವಲ್ಲ.

ತಿಳಿಯುವುದು ಸುಲಭ. ಬಟ್ಟೆಯ ಬಿಚ್ಚಿಕೊಳ್ಳದ ಗಟ್ಟಿ ಅಂಚಿನೊಡನೆ ಸಮನಾಗಿ ಹರಿಯುವುದು ಹಾಸು. ಅಂಚಿಲ್ಲದ ತುಂಡಾದರೆ ಎರಡು ದಿಕ್ಕಿಗೂ ಜಗ್ಗಿ ನೋಡಬೇಕು: ಜಗ್ಗದಿರುವುದು ಹಾಸು, ಕೊಂಚ ಜಗ್ಗುವುದು ಹೊಕ್ಕು. ಮೂಲೆಯಿಂದ ಮೂಲೆಗೆ ಎಳೆದರೆ ಎಲ್ಲಕ್ಕಿಂತ ಹೆಚ್ಚಾಗಿ ಹಿಗ್ಗುತ್ತದೆ, ಅದು ಓರೆ. ಉಡುಪಿನ ಉದ್ದ ಹಾಸಿನ ದಿಕ್ಕಿಗೆ ಬರಬೇಕು. ಆಗಲೇ ಲಂಗ ನೇರವಾಗಿ ಇಳಿಯುತ್ತದೆ, ಅಂಗಿ ಒಂದು ಕಡೆಗೆ ತಿರುಚಿಕೊಳ್ಳುವುದಿಲ್ಲ. ಕತ್ತಿನ ಸುತ್ತ ಕೊಡುವ ಪಟ್ಟಿಯನ್ನು ಮಾತ್ರ ಓರೆಯಲ್ಲಿಯೇ ಕತ್ತರಿಸತಕ್ಕದ್ದು. ಕತ್ತು ದುಂಡಗಿನದು, ದುಂಡಗಿನದಕ್ಕೆ ಬಾಗಲು ಒಪ್ಪುವುದು ಓರೆ ಪಟ್ಟಿ ಮಾತ್ರ. ಅಂಗಡಿಯಲ್ಲಿ ಹರಿದುಕೊಟ್ಟ ಬಟ್ಟೆಯ ತುದಿ ಸೊಟ್ಟಗಿದ್ದರೆ ಹೊಕ್ಕಿನ ಒಂದು ಎಳೆಯನ್ನು ಸೂಜಿಯ ಮೊನೆಯಿಂದ ಎತ್ತಿ ಮೆಲ್ಲನೆ ಎಳೆದು ತೆಗೆಯಬೇಕು. ಆ ಎಳೆ ಬಿಟ್ಟುಹೋದ ಗೆರೆಯ ಮೇಲೆ ಕತ್ತರಿ ಓಡಿಸಿದರೆ ಅಳತೆಗೋಲು ಬೇಕಿಲ್ಲ.

ಇನ್ನು ಅಂಗಡಿಯ ಮಾತು. ದೀಪದ ಬೆಳಕಿನಲ್ಲಿ ಎಲ್ಲ ಬಟ್ಟೆಯೂ ಸುಂದರವೇ. ಬಾಗಿಲಿಗೆ ತಂದು ಹಗಲಿನಲ್ಲಿ ನೋಡುವುದು ಜಾಣತನ. ಬೆಳಕಿಗೆ ಎದುರಾಗಿ ಹಿಡಿದರೆ ನೇಯ್ಗೆ ಒತ್ತಾಗಿದೆಯೋ ಜಾಳಾಗಿದೆಯೋ ಕಾಣುತ್ತದೆ. ಎರಡು ಹೆಬ್ಬೆರಳುಗಳ ನಡುವೆ ಉಜ್ಜಿದಾಗ ಬಿಳಿಯ ಪುಡಿ ಉದುರಿದರೆ ಅದು ಬಟ್ಟೆಯ ತೂಕವಲ್ಲ, ಗಂಜಿಯ ತೂಕ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಸುಕ್ಕು ಉಳಿಯುವ ಬಗೆ ತಿಳಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ ಅಗಲವನ್ನು ಕೇಳಬೇಕು. 36 ಅಂಗುಲದ ಬಟ್ಟೆಗೂ 44 ಅಂಗುಲದ ಬಟ್ಟೆಗೂ 58 ಅಂಗುಲದ ಬಟ್ಟೆಗೂ ಬೇಕಾಗುವ ಮೀಟರುಗಳ ಲೆಕ್ಕವೇ ಬೇರೆ. ಅಗಲ ಕೇಳದೆ ಬೆಲೆ ಕೇಳುವವರು ಅಗ್ಗವೆಂದು ತಂದದ್ದು ಮನೆಯಲ್ಲಿ ತುಟ್ಟಿಯಾಗುತ್ತದೆ.

ಹತ್ತಿಯೆಂದು ಕೊಟ್ಟದ್ದು ಹತ್ತಿಯೇ ಎಂಬ ಅನುಮಾನಕ್ಕೆ ಅಗ್ನಿಪರೀಕ್ಷೆಯೇ ಪರಿಹಾರ. ನಾಲ್ಕಾರು ಎಳೆಗಳನ್ನು ಹಿರಿದು, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಹಚ್ಚಬೇಕು. ಹತ್ತಿ ಕೂಡಲೇ ಹೊತ್ತಿ ಉರಿದು ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ರೇಯಾನಿನದೂ ಹೆಚ್ಚುಕಡಿಮೆ ಅದೇ ನಡತೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಸುರುಳಿಗೊಂಡು, ಉರಿ ತೆಗೆದೊಡನೆ ಆರುತ್ತವೆ. ಉಳಿದ ಕರಿ ಬೆರಳಿಗೆ ಪುಡಿಯಾಗುತ್ತದೆ. ನೈಲಾನು, ಪಾಲಿಯೆಸ್ಟರುಗಳು ಉರಿಯುವ ಮೊದಲು ಕರಗುತ್ತವೆ. ತಣಿದ ಮೇಲೆ ಒಡೆಯಲಾರದ ಗಟ್ಟಿ ಮಣಿಯೊಂದು ಉಳಿಯುತ್ತದೆ.

ಈ ಕೊನೆಯ ಗುಣವನ್ನು ಮನೆಯವರು ಮರೆಯಕೂಡದು. ಒಲೆಯ ಮುಂದೆ ನಿಲ್ಲುವವರಿಗೂ ದೀಪಾವಳಿಯ ಮಕ್ಕಳಿಗೂ ಹತ್ತಿಬಟ್ಟೆಯೇ ಹಿತವೆಂದು ಹಿರಿಯರು ಹೇಳುವುದು ಹಳೆಯ ಕಾಲದ ಹಟವಲ್ಲ. ಹತ್ತಿಗೂ ಬೆಂಕಿ ಹತ್ತುತ್ತದೆ. ಆದರೆ ಅದು ಕರಗಿ ಮೈಗೆ ಅಂಟುವುದಿಲ್ಲ. ಕರಗಿದ ಪಾಲಿಯೆಸ್ಟರು ಚರ್ಮಕ್ಕೆ ಅಂಟಿಕೊಂಡು ಗಾಯವನ್ನು ಆಳಮಾಡುತ್ತದೆ. ಹತ್ತಿಯೆಂಬ ಧೈರ್ಯದಿಂದ ನೆಲ ಗುಡಿಸುವ ಲಂಗ, ಜೋತುಬಿದ್ದ ತೋಳು, ಹಾರಾಡುವ ಮೇಲುದ ಇವುಗಳನ್ನು ಹಾಕಿಕೊಂಡು ಪಟಾಕಿಯ ಬಳಿ ನಿಲ್ಲುವುದೂ ಸಲ್ಲದು. ಆ ದಿನದ ಮಟ್ಟಿಗೆ ಉಡುಪಿನ ಅಂದಕ್ಕಿಂತ ಅಳತೆ ಮುಖ್ಯ.

ಬಟ್ಟೆಗಳಿಗೂ ಮನುಷ್ಯರಂತೆ ಸ್ವಭಾವಭೇದವುಂಟು. ಕಲಿಯುವವರಿಗೆ ಪಾಪ್ಲಿನ್, ಕೇಂಬ್ರಿಕ್, ಲಾಂಗ್‌ಕ್ಲಾತ್ ಇವು ಒಳ್ಳೆಯ ಗುರುಗಳು; ಕೈಯಲ್ಲಿ ಜಾರುವುದಿಲ್ಲ, ಇಸ್ತ್ರಿಯ ಮಡಿಕೆಯನ್ನು ಉಳಿಸಿಕೊಳ್ಳುತ್ತವೆ, ತಪ್ಪಿದರೆ ಬಿಚ್ಚಿ ಹೊಲಿಯಲು ಅವಕಾಶ ಕೊಡುತ್ತವೆ. ರವಕೆಗೆ ಹೆಸರಾದ ಟೂ ಬೈ ಟೂ ರೂಬಿಯಾ ಎಂಬುದರಲ್ಲಿ ಹಾಸಿಗೂ ಹೊಕ್ಕಿಗೂ ಎರಡೆರಡು ಎಳೆ ಹುರಿಗೊಳಿಸಿದ ನೂಲು. ತೆಳುವಾಗಿದ್ದೂ ಬಾಳಿಕೆ ಬರುವುದು ಅದರಿಂದಲೇ. ವಾಯಿಲ್, ಮಲ್‌ಮಲ್ ಬಟ್ಟೆಗಳು ಬೇಸಿಗೆಗೆ ಸುಖ. ಆದರೆ ಯಂತ್ರದ ಹಲ್ಲಿಗೆ ಸಿಕ್ಕಿ ಒಳಸೇರುವ ಚಪಲ ಅವಕ್ಕೆ ಉಂಟು. ಕೆಳಗೆ ತೆಳುವಾದ ಕಾಗದವನ್ನಿಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆದರೆ ಸಾಕು. ಜಾರ್ಜೆಟ್ಟಿಗೂ ಇದೇ ಉಪಾಯ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ರವಕೆಗೆಂದೇ ನೇಯ್ದ ಬಟ್ಟೆ. ಅದರ ಅಂಚೇ ಅದರ ಆಭರಣ. ಅಂಚು ತೋಳಿನ ತುದಿಗೂ ಬೆನ್ನಿಗೂ ಬರುವಂತೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ಆಮೇಲೆ ಕತ್ತರಿಸಬೇಕು. ಅಂಚನ್ನು ಕಂಕುಳಿನೊಳಗೆ ಅಡಗಿಸಿ ಹೊಲಿದರೆ ನೇಕಾರನ ಶ್ರಮಕ್ಕೆ ಅಪಚಾರ ಮಾಡಿದಂತೆ.

ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಪ್ರಾರಂಭವಾಯಿತು. ಅಲ್ಲಿಯ ಕ್ರೇಪ್ ರೇಷ್ಮೆಯ ಮೃದುವಾದ ಇಳಿತಕ್ಕೆ ಕಾರಣ ಅದರ ನೂಲಿಗೆ ಕೊಡುವ ಅತಿಶಯವಾದ ಹುರಿ. ಆ ಹುರಿಯೇ ನೀರು ಕಂಡರೆ ಮುದುಡುವುದಕ್ಕೂ ಕಾರಣ. ಹತ್ತಿಗೆ ಹೇಳಿದ ಸ್ನಾನವನ್ನು ಇದಕ್ಕೆ ಮಾಡಿಸಿದರೆ ಅನರ್ಥವಾದೀತು; ಇದನ್ನು ಒಣ ಶುಭ್ರೀಕರಣಕ್ಕೇ ಕೊಡಬೇಕು. ರೇಷ್ಮೆಯಲ್ಲಿ ಗುಂಡುಸೂಜಿ ಚುಚ್ಚಿದ ತೂತು ಮುಚ್ಚುವುದಿಲ್ಲ. ಆದುದರಿಂದ ಹೊಲಿಗೆಯ ಒಳಗೆ ಸೇರಿಹೋಗುವ ಅಂಚಿನಲ್ಲಿಯೇ ಸೂಜಿ ಚುಚ್ಚಬೇಕು. ಕತ್ತರಿಸಿದ ಅಂಚು ಎಳೆ ಬಿಚ್ಚಿಕೊಳ್ಳುವುದರಿಂದ ಫ್ರೆಂಚ್ ಹೊಲಿಗೆ ಮೇಲು: ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು ಅಂಚಿನ ಹತ್ತಿರ ಒಂದು ಹೊಲಿಗೆ, ಅಂಚನ್ನು ಸವರಿ, ತಿರುಗಿಸಿ, ಮೊದಲನೆಯ ಹೊಲಿಗೆ ಒಳಗೆ ಮುಚ್ಚಿಹೋಗುವಂತೆ ಎರಡನೆಯ ಹೊಲಿಗೆ. ಮುಗಿದ ಮೇಲೆ ಒಳಗೂ ಹೊರಗೂ ಒಂದೇ ಶುದ್ಧಿ.

ಮಕಮಲ್ಲಿಗೆ ರೋಮದ ದಿಕ್ಕುಂಟು. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸದಿದ್ದರೆ ಒಂದೇ ಉಡುಪು ಎರಡು ಬಣ್ಣದ್ದಾಗಿ ಕಾಣುತ್ತದೆ. ಜಗ್ಗುವ ಹೆಣಿಗೆ ಬಟ್ಟೆಗೆ ಮೊನೆ ದುಂಡಾದ ಬಾಲ್‌ಪಾಯಿಂಟ್ ಸೂಜಿ ಬೇಕು; ಅದು ಕುಣಿಕೆಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಹೊಲಿಗೆಯೂ ಅಂಕುಡೊಂಕಾಗಿರಬೇಕು, ನೇರ ಹೊಲಿಗೆಯಾದರೆ ಬಟ್ಟೆ ಜಗ್ಗಿದಾಗ ದಾರ ಹರಿಯುತ್ತದೆ.

ಸೂಜಿ ದಾರಗಳ ಆಯ್ಕೆಯಲ್ಲಿ ಆಗುವ ಅಲಕ್ಷ್ಯ ದೊಡ್ಡದು. ಅಂಗಡಿಗಳಲ್ಲಿ ಸೂಜಿಗಳು ಸಂಖ್ಯೆಯಿಂದ ಸಿಗುತ್ತವೆ: ರೇಷ್ಮೆ, ವಾಯಿಲುಗಳಿಗೆ 9 ಅಥವಾ 11, ಸಾಧಾರಣ ಹತ್ತಿಗೆ 14, ದಪ್ಪ ಬಟ್ಟೆಗೆ 16, ಜೀನ್ಸಿನಂಥದಕ್ಕೆ 16 ಅಥವಾ 18. ಹೊಲಿಗೆ ಅಂಗುಲಕ್ಕೆ 10ರಿಂದ 12 ಬಿದ್ದರೆ ಸಾಧಾರಣ ಬಟ್ಟೆಗೆ ಸರಿ. ತೆಳುವಾದದ್ದಕ್ಕೆ ಇನ್ನೆರಡು ಹೆಚ್ಚು, ದಪ್ಪನೆಯದಕ್ಕೆ ಮೂರು ನಾಲ್ಕು ಕಡಿಮೆ. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನಿಂತರೆ ಅಡಿಯ ದಾರವನ್ನು ದೂರಬಾರದು. ಮೇಲಿನ ದಾರದ ಬಿಗಿತ ಸಾಲದೆಂದು ಅರ್ಥ. ಯಾವ ಬಟ್ಟೆಯಾದರೂ ಮೊದಲು ಅದರದೇ ಚೂರಿನ ಮೇಲೆ ಹೊಲಿದು ನೋಡಿದ ಮೇಲೆ ಉಡುಪಿಗೆ ಕೈಹಾಕಬೇಕು.

ದಾರ ಎಷ್ಟು ಗಟ್ಟಿಯಾಗಿದ್ದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ಬಹುಜನರದು, ಅದು ತಪ್ಪು. ದಾರವು ಬಟ್ಟೆಗಿಂತ ಒಂದು ಗುಲಗಂಜಿಯಷ್ಟಾದರೂ ಮೃದುವಾಗಿರಬೇಕು. ಎಳೆತ ಬಿದ್ದಾಗ ಎರಡರಲ್ಲಿ ಒಂದು ಸೋಲಲೇಬೇಕು. ದಾರ ಸೋತರೆ ಐದು ನಿಮಿಷದ ಹೊಲಿಗೆ. ಬಟ್ಟೆ ಸೋತರೆ ಉಡುಪೇ ಹೋಯಿತು. ಹಳೆಯ ತೆಳು ಹತ್ತಿಯ ಮೇಲೆ ಬಲವಾದ ಪಾಲಿಯೆಸ್ಟರ್ ದಾರದಿಂದ ಹೊಲಿದಲ್ಲಿ ದಾರವೇ ಗರಗಸವಾಗುತ್ತದೆ.

ಹೊಲಿಗೆಯ ಯಂತ್ರದ ಚರಿತ್ರೆ ಒಂದು ಕಾದಂಬರಿಗೆ ಸಾಕಾಗುವಷ್ಟಿದೆ. ಫ್ರಾನ್ಸಿನ ಥಿಮೊನ್ನಿಯೆ ಎಂಬ ದರ್ಜಿ 1830ರಲ್ಲಿ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದ. ಮರುವರ್ಷವೇ ಪ್ಯಾರಿಸಿನ ದರ್ಜಿಗಳು ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಅವನ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕದ ಎಲಿಯಾಸ್ ಹೋ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿಯಲ್ಲಿತ್ತು. ಇಂದಿಗೂ ಮನೆಯ ಯಂತ್ರಗಳೆಲ್ಲ ಅದೇ ದಾರಿಯಲ್ಲಿ ಹೊಲಿಯುತ್ತಿವೆ. ಯಂತ್ರಗಳ ವಿಷಯದಲ್ಲಿ ಕಠೋರರಾಗಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರನ ಹೊಲಿಗೆಯ ಯಂತ್ರವೊಂದಕ್ಕೆ ತಮ್ಮ ವಿರೋಧದಿಂದ ವಿನಾಯಿತಿ ಕೊಟ್ಟರು. ಮನೆಯ ಮೂಲೆಯಲ್ಲಿ ಹೂದಾನಿ ಹೊತ್ತು ನಿಂತಿರುವುದು ಅಂಥ ಯಂತ್ರ.

ಹೊಲಿದು ಮಿಕ್ಕ ಚೂರುಗಳ ಮಾತು ಹೇಳದಿದ್ದರೆ ಲೇಖನ ಅಪೂರ್ಣ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಜೋಡಿಸಿ, ಸರಳವಾದ ಕೈಹೊಲಿಗೆಯಿಂದ ಕೌದಿ ಮಾಡುತ್ತಾರೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯ ಮೂಲೆಗಳಲ್ಲಿ ತ್ರಿಕೋನವಾಗಿ ಮಡಿಸಿದ ಬಣ್ಣದ ತುಂಡುಗಳಿರುತ್ತವೆ. ಅದಕ್ಕೆ ಅವರು ಹೂವೆಂದೇ ಹೆಸರಿಟ್ಟಿದ್ದಾರೆ. ಕೌದಿಯಲ್ಲಿ ಹೊಸ ಬಟ್ಟೆಗೆ ಸ್ಥಾನವಿಲ್ಲ. ಅದು ಬಡತನದಿಂದ ಬಂದ ನಿಯಮವೆಂದು ಮೇಲುನೋಟಕ್ಕೆ ಕಂಡರೂ ಅದರಲ್ಲಿ ಹೊಲಿಗೆಯ ಶಾಸ್ತ್ರವೂ ಇದೆ. ನೂರು ಸಲ ಒಗೆದ ಬಟ್ಟೆ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುತ್ತದೆ. ಬಣ್ಣ ಬಿಡುವುದನ್ನೆಲ್ಲ ಬಿಟ್ಟಿರುತ್ತದೆ. ಅದರಿಂದ ಇನ್ನು ಮೋಸವಿಲ್ಲ.

ಬೆಂಗಳೂರಿನ ಆ ಅತ್ತೆಯವರು ಬಾಗಲಕೋಟೆಯ ಕಡೆಯವರು. ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ತಮ್ಮ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆಯೊಂದನ್ನು ತೆಗೆದರು. ಅದು ಅವರ ತಾಯಿಯದು. ಮೈಯೆಲ್ಲ ಜೇಡರ ಬಲೆಯಂತೆ ಜಾಳಾಗಿತ್ತು. ದಡಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಸೊಸೆ ಕತ್ತರಿ ಹಿಡಿಯಲು ಹಿಂಜರಿದಳು. "ಪೆಟ್ಟಿಗೆಯಲ್ಲಿಟ್ಟರೆ ಹುಳ ಉಡುತ್ತದೆ, ಲಂಗಕ್ಕೆ ಕೊಟ್ಟರೆ ಮರಿಮಗಳು ಉಡುತ್ತಾಳೆ" ಎಂದು ಅತ್ತೆಯವರು ತಾವೇ ಮೊದಲ ಕತ್ತರಿ ಹಾಕಿದರು. ದಡಿಯನ್ನು ಮೂರು ಅಂಗುಲದ ಪಟ್ಟಿಯಾಗಿ ಬಿಡಿಸಿ, ಈಗ ಕುಗ್ಗಿ ಮುಗಿದಿದ್ದ ಲಂಗದ ಕೆಳಗೆ ಕೂಡಿಸಲಾಯಿತು. ಅಂಚಿನೊಳಗೆ ಎರಡು ಅಡ್ಡ ಮಡಿಕೆಗಳನ್ನೂ ಹಿಡಿಯಲಾಯಿತು. ಮಗು ಬೆಳೆದಂತೆ ವರ್ಷಕ್ಕೊಂದು ಬಿಚ್ಚಿದರಾಯಿತು. ಅಸ್ತರಿಗೆ ಹಳೆಯ ಪಂಚೆಯೇ ಬಂದಿತು.

ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರೆಲ್ಲ ಆ ದಡಿ ಯಾವ ಅಂಗಡಿಯದೆಂದು ಕೇಳಿದರು. ಮಗಳು ಪ್ರತಿಯೊಬ್ಬರಿಗೂ ಅದು ತನ್ನ ಅಜ್ಜಿಯ ಅಮ್ಮನದೆಂದು ಹೇಳಿದಳು. ಯಜಮಾನರು ತಮ್ಮ ಅಂಗಿಯ ಕಿತ್ತುಹೋದ ಗುಂಡಿಯನ್ನು ತಂದು ಯಂತ್ರದ ಮೇಲಿಟ್ಟು ಸುಮ್ಮನೆ ನಿಂತರು. ಸೊಸೆ ಸೂಜಿಗೆ ದಾರ ಪೋಣಿಸಿ ಅವರ ಕೈಗೇ ಕೊಟ್ಟಳು.